ಬಾವಿ ನೀರು ಪುಕ್ಕಟೆ, ಟ್ಯಾಂಕರ್ ಅಲ್ಲ: ಆಟೊಮೇಷನ್ ಟೂಲ್ ಮೇಲೆ ಪ್ರಾಡಕ್ಟ್ ಕಟ್ಟಿ ಮಾರುವ ಮೊದಲು

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿದ್ದೀರೋ, ಕುಮಟಾ ಸ್ಟೇಷನ್ನಲ್ಲಿ ರೈಲಿಗೆ ಕಾಯ್ತಿದ್ದೀರೋ ಗೊತ್ತಿಲ್ಲ. ಇವತ್ತು ಒಂದು ಒಣ ವಿಷಯ ಹಿಡ್ಕೊಂಡು ಬಂದಿದ್ದೇನೆ. ಸಾಫ್ಟ್‌ವೇರ್ ಲೈಸೆನ್ಸ್. ದಯವಿಟ್ಟು ಸ್ಕಿಪ್ ಮಾಡ್ಬೇಡಿ. ಇದೇ ಒಣ ವಿಷಯದಿಂದಾಗಿ ನಾನೂ ನನ್ನ ಗೆಳೆಯನೂ ವರ್ಷಕ್ಕೆ 3 ಲಕ್ಷ 60 ಸಾವಿರದ ಒಂದು ಕೆಲಸ ಕೈಬಿಟ್ಟೆವು. ತಪ್ಪು ಪೂರ್ತಿ ನಮ್ಮದೇ. ಅದೇ ತಪ್ಪು ನೀವು ಮಾಡಬಾರದು ಅಂತ ಈ ಎಪಿಸೋಡ್.

ಮೊದಲು ಹಿನ್ನೆಲೆ ಹೇಳ್ತೇನೆ. ನಾನು ಬಿ.ಕಾಂ. ಓದಿದವನು, ಕುಮಟಾ ಕಡೆಯವನು. ಕೋಡಿಂಗ್ ನನಗೆ ಬರೋದು ಅಷ್ಟಕ್ಕಷ್ಟೇ. ಕೋಡಿಂಗ್ ಮಾಡೋನು ನನ್ನ ಭಟ್ಕಳದ ಗೆಳೆಯ. ಅವನ ಅಣ್ಣ ದುಬೈಯಲ್ಲಿದ್ದಾನೆ. ಇವನಿಗೂ ಅಲ್ಲಿ ಕೆಲಸ ನೋಡಿ ಇಟ್ಟಿದ್ದ. 'ಒಂದು ವರ್ಷ ಊರಲ್ಲೇ ಏನಾದ್ರೂ ಮಾಡಿ ನೋಡ್ತೇನೆ' ಅಂತ ಮನೆಯಲ್ಲಿ ಹೇಳಿ ಅವನು ಉಳ್ಕೊಂಡಿದ್ದ. ಈ ಮಾತು ನೆನಪಿಟ್ಕೊಳ್ಳಿ, ಕೊನೆಗೆ ಬೇಕಾಗ್ತದೆ.

ಕೆಲಸ ಶುರುವಾದದ್ದು ಹೊನ್ನಾವರದಲ್ಲಿ. 2020ರಲ್ಲಿ ಕಾಸರಕೋಡು ಬೀಚ್‌ಗೆ ಬ್ಲೂ ಫ್ಲ್ಯಾಗ್ ಸಿಕ್ತಲ್ಲ, ಆಮೇಲೆ ಆ ಕಡೆ ಹೋದಾಗೆಲ್ಲ ಒಂದೊಂದು ಹೊಸ ಹೋಮ್‌ಸ್ಟೇ ಬೋರ್ಡು ನನ್ನ ಕಣ್ಣಿಗೆ ಬೀಳ್ತಿತ್ತು. ಶರಾವತಿ ದಂಡೆಯಲ್ಲಿ ಹೋಮ್‌ಸ್ಟೇ ನಡೆಸುವ ಒಬ್ರು ಅಕ್ಕ ಒಂದು ಶನಿವಾರ ಒಂದೇ ರೂಮನ್ನ ಎರಡು ಕುಟುಂಬಕ್ಕೆ ಕೊಟ್ಟುಬಿಟ್ಟಿದ್ರು. ಒಂದು ಬುಕಿಂಗ್ ಫೋನಲ್ಲಿ ಬಂದದ್ದು, ಇನ್ನೊಂದು ವಾಟ್ಸಾಪ್‌ನಲ್ಲಿ. ರಾತ್ರಿ ಒಂಬತ್ತಕ್ಕೆ ಹುಬ್ಬಳ್ಳಿಯಿಂದ ಬಂದವರು ಅಂಗಳದಲ್ಲಿ ನಿಂತು ಜಗಳ. 'ತಮಾ, ಇದಕ್ಕೊಂದು ಎಂತಾರೂ ಮಾಡ್ಕೊಡಿ' ಅಂದ್ರು.

ಮಾಡ್ಕೊಟ್ವಿ. ವಾಟ್ಸಾಪ್‌ನಲ್ಲಿ ಬುಕಿಂಗ್ ಬಂದ ಕೂಡಲೇ ಗೂಗಲ್ ಶೀಟ್‌ಗೆ ಸೇರ್ತದೆ, ಕ್ಯಾಲೆಂಡರ್‌ನಲ್ಲಿ ಆ ರೂಮು ಬ್ಲಾಕ್ ಆಗ್ತದೆ, ಅಕ್ಕನ ಮೊಬೈಲಿಗೆ ಮೆಸೇಜ್ ಹೋಗ್ತದೆ. ಇದನ್ನೇ ವರ್ಕ್‌ಫ್ಲೋ ಆಟೊಮೇಷನ್ ಅನ್ನೋದು. ಒಂದು ಆ್ಯಪ್‌ನಲ್ಲಿ ಏನೋ ಆಯ್ತು ಅಂದ್ರೆ ಇನ್ನೊಂದು ಆ್ಯಪ್‌ನಲ್ಲಿ ತಾನಾಗೇ ಇನ್ನೇನೋ ಆಗೋ ಹಾಗೆ ಜೋಡಿಸೋದು. ಇದಕ್ಕೆ ಜೇಪಿಯರ್, ಮೇಕ್, ನೋಡ್-ರೆಡ್, ಎನ್‌ಏಟ್‌ಎನ್ ಅಂತ ಬೇಕಾದಷ್ಟು ಟೂಲ್‌ಗಳಿವೆ. ನಾವು ತಗೊಂಡದ್ದು ಎನ್‌ಏಟ್‌ಎನ್. ಬರ್ಲಿನ್ನಿನಲ್ಲಿ 2019ರಲ್ಲಿ ಶುರುವಾದದ್ದು. ಒಳ್ಳೇ ಟೂಲ್, ಅದರಲ್ಲಿ ಎರಡು ಮಾತಿಲ್ಲ. ಕೋಡ್ ಎಲ್ಲಾ ಗಿಟ್‌ಹಬ್‌ನಲ್ಲಿ ತೆರೆದೇ ಇದೆ. ನಮ್ಮದೇ ಬಾಡಿಗೆ ಸರ್ವರ್‌ನಲ್ಲಿ ಹಾಕ್ಕೊಂಡ್ರೆ ಒಂದು ರೂಪಾಯಿ ಕೊಡೋದು ಬೇಡ.

ಬಾಯಿಂದ ಬಾಯಿಗೆ ಸುದ್ದಿ ಹೋಯ್ತು. ಮುರ್ಡೇಶ್ವರದಿಂದ ಗೋಕರ್ಣದ ತನಕ ಹನ್ನೊಂದು ಹೋಮ್‌ಸ್ಟೇ ಆದ್ವು. ತಿಂಗಳಿಗೆ ಒಬ್ಬರಿಂದ 900 ರೂಪಾಯಿ, ಒಟ್ಟು 9,900. ದೊಡ್ಡ ಮೊತ್ತ ಅಲ್ಲ, ಆದ್ರೆ ಊರಲ್ಲೇ ಕೂತು ದುಡಿದದ್ದು. ನಮ್ಮ ಹೆಸರು, ನಮ್ಮ ಲೋಗೋ ಹಾಕಿ 'ನಮ್ಮ ಪ್ರಾಡಕ್ಟ್' ಅಂತ ಹೇಳ್ಕೊಂಡು ತಿರುಗ್ತಿದ್ವಿ.

ಆಮೇಲೆ ಬಂತು ಆ ದೊಡ್ಡ ಕೆಲಸ. ಒಂದು ಪ್ರವಾಸ ಸಂಸ್ಥೆ, ಹೆಸರು ಬೇಡ. ತಿಂಗಳಿಗೆ 30 ಸಾವಿರ ಕೊಡ್ತೇವೆ, ಒಂದು ವರ್ಷದ ಎಗ್ರಿಮೆಂಟ್ ಮಾಡಿ ಅಂದ್ರು. ಎಗ್ರಿಮೆಂಟ್ ಓದೋದು ನನ್ನ ಪಾಲಿನ ಕೆಲಸ. ಅದರಲ್ಲಿ ಎರಡು ಸಾಲು ಇತ್ತು. ಒಂದು, ನಿಮ್ಮ ಪ್ರಾಡಕ್ಟ್ ಒಳಗೆ ಬೇರೆಯವರ ಸಾಫ್ಟ್‌ವೇರ್ ಯಾವ್ಯಾವುದಿದೆ, ಪ್ರತಿಯೊಂದರ ಲೈಸೆನ್ಸ್ ಯಾವುದು, ಪಟ್ಟಿ ಕೊಡಿ. ಎರಡು, ನಿಮ್ಮ ಪ್ರಾಡಕ್ಟ್‌ನಿಂದ ಬೇರೆ ಯಾರದ್ದಾದ್ರೂ ಹಕ್ಕಿಗೆ ಧಕ್ಕೆ ಆದ್ರೆ, ಬರೋ ನಷ್ಟ ಪೂರ್ತಿ ನೀವೇ ಭರಿಸ್ಬೇಕು.

ಪಟ್ಟಿ ಮಾಡೋಕೆ ಕೂತ ರಾತ್ರಿ ನಾನು ಮೊದಲ ಸಲ ಎನ್‌ಏಟ್‌ಎನ್ ಲೈಸೆನ್ಸ್ ಓದಿದೆ. ಒಂದೂವರೆ ವರ್ಷ ಆಗಿತ್ತು ಅದನ್ನ ಬಳಸೋಕೆ ಶುರು ಮಾಡಿ. ಲೈಸೆನ್ಸ್ ಇರೋದು ಒಂದೆರಡು ಪುಟ, ಓದೋಕೆ ಹತ್ತು ನಿಮಿಷ ಸಾಕಾಯ್ತು.

ಅದರಲ್ಲಿ ಇರೋದನ್ನ ನಮ್ಮ ಭಾಷೆಯಲ್ಲಿ ಹೇಳ್ತೇನೆ. ನಮ್ಮ ಅಜ್ಜಿ ಮನೆ ಬಾವಿ ಮೇ ತಿಂಗಳಲ್ಲೂ ಬತ್ತೋದಿಲ್ಲ. ಅಕ್ಕಪಕ್ಕದವರೆಲ್ಲ ಅಲ್ಲೇ ಬಂದು ಸೇದ್ಕೊಂಡು ಹೋಗ್ತಿದ್ರು. ಅಜ್ಜಿ ಯಾರಿಗೂ ಬೇಡ ಅಂದದ್ದಿಲ್ಲ. ಅಡಿಗೆಗೆ, ಸ್ನಾನಕ್ಕೆ, ದನಕ್ಕೆ, ಅಂಗಡಿ ಇಟ್ಟವರು ಅಂಗಡಿ ಖರ್ಚಿಗೆ, ಎಷ್ಟು ಬೇಕಾದ್ರೂ ಒಯ್ಯಬಹುದು. ಒಂದು ವರ್ಷ ಒಬ್ಬ ಪಂಪ್ ಇಟ್ಟು ಟ್ಯಾಂಕರ್ ತುಂಬಿಸಿ ಮಾರೋಕೆ ಹೊರಟ. ಅವತ್ತು ಅಜ್ಜಿ ಬೇಡ ಅಂದ್ರು. ನೀರು ಪುಕ್ಕಟೆ ಕೊಟ್ಟದ್ದು ಹೌದು, ಮಾರೋ ಹಕ್ಕು ಕೊಟ್ಟಿರ್ಲಿಲ್ಲ.

ಎನ್‌ಏಟ್‌ಎನ್ ಲೈಸೆನ್ಸ್ ಕೂಡ ಹೀಗೇ. ಅದರ ಹೆಸರು ಸಸ್ಟೈನಬಲ್ ಯೂಸ್ ಲೈಸೆನ್ಸ್. 2022ರ ಮಾರ್ಚ್‌ನಿಂದ ಇದೆ. ನಿಮ್ಮ ಸ್ವಂತ ವ್ಯವಹಾರದ ಒಳಗಿನ ಕೆಲಸಕ್ಕೆ ಬಳಸಿ, ಬೇಕಾದ ಹಾಗೆ ತಿದ್ದಿ, ತೊಂದರೆ ಇಲ್ಲ. ಬೇರೆಯವರಿಗೆ ಕೊಡೋದಾದ್ರೆ ಪುಕ್ಕಟೆಯಾಗಿ, ವಾಣಿಜ್ಯೇತರ ಉದ್ದೇಶಕ್ಕೆ ಮಾತ್ರ ಕೊಡಿ. ಇಡೀ ಬೆಲೆ ಅಥವಾ ಬೆಲೆಯ ಮುಖ್ಯ ಭಾಗ ಎನ್‌ಏಟ್‌ಎನ್ ಸಾಮರ್ಥ್ಯದಿಂದಲೇ ಬರೋವಂಥ ಪ್ರಾಡಕ್ಟ್ ಮಾಡಿ ಮಾರಬೇಡಿ. ಹಾಗೆ ಮಾರೋದಾದ್ರೆ ಬೇರೆ ವಾಣಿಜ್ಯ ಲೈಸೆನ್ಸ್ ತಗೊಳ್ಳಿ. ಹಾಗಾಗಿ ಅವರು ತಮ್ಮನ್ನ 'ಓಪನ್ ಸೋರ್ಸ್' ಅಂತ ಕರ್ಕೊಳ್ಳೋದಿಲ್ಲ, 'ಫೇರ್-ಕೋಡ್' ಅಂತಾರೆ. ಕೋಡ್ ಕಣ್ಣಿಗೆ ಕಾಣ್ತದೆ ಅಂದ ಮಾತ್ರಕ್ಕೆ ಓಪನ್ ಸೋರ್ಸ್ ಆಗೋದಿಲ್ಲ ಅನ್ನೋದು ನನಗೆ ಗೊತ್ತೇ ಇರ್ಲಿಲ್ಲ.

ಈಗ ನಮ್ಮ ಮೂರು ಊರಿನ ಮೂರು ಕೆಲಸ ತಗೊಂಡು ನೋಡೋಣ. ಟೂಲ್ ಒಂದೇ, ಉತ್ತರ ಬೇರೆ ಬೇರೆ.

ಮೊದಲನೇದು ಭಟ್ಕಳ. ಗೆಳೆಯನ ಸಂಬಂಧಿಕರದ್ದು ಬಟ್ಟೆ ಅಂಗಡಿ. ಅವರದೇ ಕಂಪ್ಯೂಟರ್‌ನಲ್ಲಿ ಎನ್‌ಏಟ್‌ಎನ್ ಹಾಕಿ, ಸ್ಟಾಕ್ ಕಡಿಮೆಯಾದ್ರೆ ಮೆಸೇಜ್ ಬರೋ ಹಾಗೆ ಮಾಡಿದ್ವಿ. ನಾವು ತಗೊಂಡದ್ದು ಜೋಡಿಸಿಕೊಟ್ಟ ಕೂಲಿ. ಇದಕ್ಕೆ ಅನುಮತಿ ಇದೆ. ಬಳಸೋರು ಅಂಗಡಿಯವರು, ಅದೂ ತಮ್ಮದೇ ವ್ಯವಹಾರಕ್ಕೆ. ವರ್ಕ್‌ಫ್ಲೋ ಕಟ್ಟಿಕೊಡೋದು, ಸರ್ವರ್ ನೋಡ್ಕೊಳ್ಳೋದು, ಅದಕ್ಕೆ ಫೀಸ್ ತಗೊಳ್ಳೋದು ಸರಿ ಅಂತ ಅವರೇ ಸ್ಪಷ್ಟವಾಗಿ ಬರೆದಿದ್ದಾರೆ.

ಎರಡನೇದು ಕುಮಟಾ. ನಮ್ಮ ವೆಬ್‌ಸೈಟ್‌ನಲ್ಲಿ ಪ್ರಶ್ನೆ ಕೇಳಿದ್ರೆ ಉತ್ತರ ಕೊಡೋ ಒಂದು ಚಾಟ್‌ಬಾಟ್ ಇತ್ತು. ಹಿಂದೆ ಎನ್‌ಏಟ್‌ಎನ್ ಓಡ್ತಿತ್ತು, ಆದ್ರೆ ಅದರೊಳಗಿನ ಲಾಗಿನ್, ಕೀ ಎಲ್ಲಾ ನಮ್ಮದೇ. ಗಿರಾಕಿ ಪ್ರಶ್ನೆ ಟೈಪ್ ಮಾಡ್ತಾರೆ ಅಷ್ಟೇ. ಇದೂ ಸರಿ. ಅವರು ಕೊಟ್ಟಿರುವ ಉದಾಹರಣೆಗಳಲ್ಲಿ ಇಂಥದ್ದೇ ಒಂದಿದೆ.

ಮೂರನೇದು ಹೊನ್ನಾವರದ ಹೋಮ್‌ಸ್ಟೇ. ಹನ್ನೊಂದು ಮಾಲೀಕರ ಗೂಗಲ್ ಲಾಗಿನ್‌ಗಳನ್ನ ನಮ್ಮ ಸರ್ವರ್‌ನಲ್ಲಿ ತುಂಬಿಕೊಂಡು, ಅವರವರ ಡೇಟಾವನ್ನ ಎನ್‌ಏಟ್‌ಎನ್ ಮೂಲಕ ಓಡಿಸಿ, ತಿಂಗಳಿಗೆ 900 ತಗೊಳ್ತಿದ್ವಿ. ಎನ್‌ಏಟ್‌ಎನ್ ತೆಗೆದುಬಿಟ್ರೆ ನಮ್ಮ ಪ್ರಾಡಕ್ಟ್‌ನಲ್ಲಿ ಉಳಿಯೋದು ಲೋಗೋ ಮಾತ್ರ. ಇದು ಟ್ಯಾಂಕರ್. ಅನುಮತಿ ಇಲ್ಲ.

ಗೆಳೆಯನಿಗೆ ಫೋನ್ ಮಾಡಿದೆ. ಅವನು ಹೇಳಿದ್ದು, 'ಮಾರಾಯಾ, ಬರ್ಲಿನ್ನಿಂದ ಯಾರು ಬಂದು ಹೊನ್ನಾವರದಲ್ಲಿ ಹುಡುಕ್ತಾರೆ? ಸಹಿ ಹಾಕು.' ಇನ್ನೊಂದು ಐಡಿಯಾನೂ ಕೊಟ್ಟ. 2022ಕ್ಕಿಂತ ಹಿಂದಿನ ಹಳೇ ವರ್ಷನ್ ಹಾಕಿಬಿಡೋಣ ಅಂದ. ಅದನ್ನೂ ನೋಡಿದೆ. ಹಳೇದು ಅಪಾಚೆ 2.0 ಲೈಸೆನ್ಸ್, ಆದ್ರೆ ಅದಕ್ಕೆ ಕಾಮನ್ಸ್ ಕ್ಲಾಸ್ ಅಂತ ಒಂದು ಬಾಲ ಸೇರಿಸಿದ್ರು. ಆ ಬಾಲದಲ್ಲಿ ಇರೋದೂ ಮಾರಬೇಡಿ ಅಂತಲೇ. ಮೇಲಾಗಿ ಹಳೇ ವರ್ಷನ್‌ಗೆ ಸೆಕ್ಯುರಿಟಿ ಅಪ್‌ಡೇಟ್ ಬರೋದಿಲ್ಲ, ಹನ್ನೊಂದು ಮನೆಯವರ ಲಾಗಿನ್ ಅದರೊಳಗಿದೆ.

ಯಾರೂ ಹುಡುಕೋದಿಲ್ಲ ಅನ್ನೋದು ನಿಜ ಇರಬಹುದು. ಆದ್ರೆ ನನ್ನ ತಲೆ ಓಡಿದ್ದು ಕಾಮರ್ಸ್ ದಾರಿಯಲ್ಲಿ. ಇವತ್ತು ಖರ್ಚಿನ ಪುಟದಲ್ಲಿ ಸೊನ್ನೆ ಇದೆ ಅಂತ ಹೊಣೆಯ ಪುಟದಲ್ಲೂ ಸೊನ್ನೆ ಇರಬೇಕಂತಿಲ್ಲ. ಆ ಎರಡನೇ ಸಾಲಿಗೆ ಸಹಿ ಹಾಕಿದ್ರೆ, ಗೊತ್ತಿದ್ದೂ ಸುಳ್ಳು ಭರವಸೆ ಕೊಟ್ಟ ಹಾಗೆ. ಬರ್ಲಿನ್ನಿನವರು ಬರೋದು ಬೇಡ, ನಮ್ಮ ಗಿರಾಕಿಯೇ ಸಾಕು ನಮ್ಮನ್ನ ಕೇಳೋಕೆ.

ಕಾನೂನು ಏನು ಹೇಳ್ತದೆ? ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮನ್ನ ಸಾಹಿತ್ಯ ಕೃತಿಯ ಸಾಲಿಗೆ ಸೇರಿಸಿದ್ದಾರೆ. ಅಂದ್ರೆ ಕಾದಂಬರಿಗೆ ಇರೋ ರಕ್ಷಣೆ ಕೋಡ್‌ಗೂ ಇದೆ. ತಿಳಿದೂ ತಿಳಿದೂ ಸಾಫ್ಟ್‌ವೇರ್‌ನ ಅಕ್ರಮ ಪ್ರತಿ ಬಳಸಿದ್ರೆ 63ಬಿ ಸೆಕ್ಷನ್ ಪ್ರಕಾರ 7 ದಿನದಿಂದ 3 ವರ್ಷದ ತನಕ ಜೈಲು, 50 ಸಾವಿರದಿಂದ 2 ಲಕ್ಷದ ತನಕ ದಂಡ ಇದೆ. ಲೈಸೆನ್ಸ್ ಶರತ್ತು ಮುರಿದವರು ಇದರಡಿ ಬರ್ತಾರಾ ಅನ್ನೋದು ವಕೀಲರು ವಾದ ಮಾಡೋ ವಿಷಯ. ನಾನು ಹೇಳೋದು ಇಷ್ಟೇ, ಕಾನೂನು ಇದನ್ನ ತಮಾಷೆ ಅಂತ ನೋಡೋದಿಲ್ಲ.

ಹೊರದೇಶದ ಒಂದು ಉದಾಹರಣೆ ಕೇಳಿ. ಫ್ರಾನ್ಸ್‌ನಲ್ಲಿ ಆರೆಂಜ್ ಅನ್ನೋ ದೊಡ್ಡ ಟೆಲಿಕಾಂ ಕಂಪನಿ ಇದೆ. ಆಂತ್ರುವೆರ್ ಅನ್ನೋ ಚಿಕ್ಕ ಸಂಸ್ಥೆಯ ಲಾಸೋ ಎಂಬ ಸಾಫ್ಟ್‌ವೇರನ್ನ ತನ್ನ ಕೆಲಸದಲ್ಲಿ ಸೇರಿಸಿ, ಅದರ ಜಿಪಿಎಲ್ ಲೈಸೆನ್ಸ್ ಶರತ್ತು ಪಾಲಿಸಿರ್ಲಿಲ್ಲ. ಕೇಸು ವರ್ಷಗಟ್ಟಲೆ ನಡೀತು. 2024ರ ಫೆಬ್ರವರಿಯಲ್ಲಿ ಪ್ಯಾರಿಸ್ ಮೇಲ್ಮನವಿ ನ್ಯಾಯಾಲಯ ಆರೆಂಜ್‌ಗೆ ಲಕ್ಷಗಟ್ಟಲೆ ಯೂರೋ ಪರಿಹಾರ ಕೊಡೋಕೆ ಹೇಳ್ತು. ಜಿಪಿಎಲ್ ಅಂದ್ರೆ ಪಕ್ಕಾ ಓಪನ್ ಸೋರ್ಸ್. ಅದಕ್ಕೂ ಶರತ್ತಿದೆ.

ಕನ್ನಡದಲ್ಲೇ ನೋಡಿ. 'ಬರಹ' ತಂತ್ರಾಂಶ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದದ್ದು. ಎಷ್ಟೋ ವರ್ಷ ಪುಕ್ಕಟೆ ಇತ್ತು, ಆಮೇಲೆ ಹಣ ಕೊಟ್ಟು ತಗೊಳ್ಳೋ ಹಾಗಾಯ್ತು. ಅದರಲ್ಲಿ ತಪ್ಪೇನಿಲ್ಲ. ಪುಕ್ಕಟೆ ಕೊಡೋದೂ ಮಾಡಿದವರ ಹಕ್ಕು, ಬೆಲೆ ಇಡೋದೂ ಅವರದೇ ಹಕ್ಕು. ಪುಕ್ಕಟೆ ಸಿಕ್ಕಿದ್ದನ್ನ 'ನಮ್ಮದು' ಅಂದ್ಕೊಳ್ಳೋದು ನಮ್ಮ ಅಭ್ಯಾಸ.

ಕಂಪನಿಗಳು ಯಾಕೆ ಹೀಗೆ ಬಿಗಿ ಮಾಡ್ತವೆ ಅಂತ ಕೇಳಬಹುದು. ಮೊಂಗೋಡಿಬಿ 2018ರಲ್ಲಿ, ಇಲಾಸ್ಟಿಕ್ 2021ರಲ್ಲಿ, ಹ್ಯಾಶಿಕಾರ್ಪ್ 2023ರಲ್ಲಿ, ರೆಡಿಸ್ 2024ರಲ್ಲಿ ಲೈಸೆನ್ಸ್ ಬದಲಾಯಿಸಿದವು. ಅವರ ದೂರು ಹೆಚ್ಚುಕಡಿಮೆ ಒಂದೇ: ನಾವು ಬರೆದ ಕೋಡನ್ನ ಬೇರೆಯವರು ತಗೊಂಡು ಸೇವೆಯಾಗಿ ಮಾರ್ತಾರೆ, ನಮಗೇನೂ ಬರೋದಿಲ್ಲ. ಬಳಕೆದಾರರಿಗೂ ಸಿಟ್ಟು ಬಂತು. ಇಲಾಸ್ಟಿಕ್, ರೆಡಿಸ್ ಎರಡೂ ಆಮೇಲೆ ಓಪನ್ ಸೋರ್ಸ್ ಲೈಸೆನ್ಸನ್ನ ಮತ್ತೆ ಒಂದು ಆಯ್ಕೆಯಾಗಿ ಇಟ್ಟವು. ನಮಗೆ ಇದರಲ್ಲಿರೋ ಪಾಠ: ನೀವು ಪ್ರಾಡಕ್ಟ್ ಕಟ್ಟಿದ ದಿನ ಇದ್ದ ಲೈಸೆನ್ಸ್ ಮುಂದಿನ ವರ್ಷನ್‌ನಲ್ಲಿ ಇರ್ತದೆ ಅಂತ ಗ್ಯಾರಂಟಿ ಇಲ್ಲ.

ಹಾಗಾದ್ರೆ ಮಾರೋಕೆ ಯಾವುದು ಸರಿ? ನಾಲ್ಕು ಬಗೆ ನೆನಪಿಟ್ಕೊಳ್ಳಿ.

ಒಂದು, ಎಂಐಟಿ ಮತ್ತು ಅಪಾಚೆ 2.0. ಇವು ಸಡಿಲ. ನೋಡ್-ರೆಡ್ ಇದೆಯಲ್ಲ, 2013ರಲ್ಲಿ ಐಬಿಎಂನಲ್ಲಿ ಹುಟ್ಟಿದ್ದು, ಅದು ಅಪಾಚೆ 2.0. ನಿಮ್ಮ ಪ್ರಾಡಕ್ಟ್ ಒಳಗೆ ಸೇರಿಸಿ ಮಾರಬಹುದು. ಲೈಸೆನ್ಸ್ ಪ್ರತಿ ಜೊತೆಗಿಡಬೇಕು, ತಿದ್ದಿದ್ರೆ ತಿದ್ದಿದ್ದೇವೆ ಅಂತ ಹೇಳಬೇಕು, ಅವರ ಹೆಸರು ಲೋಗೋ ನಿಮ್ಮದು ಅನ್ನೋ ಹಾಗೆ ಬಳಸಬಾರದು. ಒಂದು ಎಚ್ಚರಿಕೆ: ನೋಡ್-ರೆಡ್‌ಗೆ ಬೇರೆಯವರು ಬರೆದ ನೋಡ್‌ಗಳು ಸಾವಿರಾರು ಇವೆ. ಪ್ರತಿಯೊಂದಕ್ಕೂ ಅದರದ್ದೇ ಲೈಸೆನ್ಸ್.

ಎರಡು, ಎಜಿಪಿಎಲ್. ಮಾರಬಹುದು. ಆದ್ರೆ ನೀವು ಕೋಡ್ ತಿದ್ದಿ ಇಂಟರ್ನೆಟ್ ಮೂಲಕ ಜನರಿಗೆ ಬಳಸೋಕೆ ಕೊಟ್ರೆ, ತಿದ್ದಿದ ಕೋಡನ್ನೂ ಆ ಬಳಕೆದಾರರಿಗೆ ಕೊಡಬೇಕು. ನಮ್ಮ ಬೆಂಗಳೂರಿನದೇ ಉದಾಹರಣೆ ಬೇಕಾದ್ರೆ ಲಿಸ್ಟ್‌ಮಾಂಕ್ ಇದೆ, ಇಮೇಲ್ ಸುದ್ದಿಪತ್ರ ಕಳಿಸೋ ಸಾಫ್ಟ್‌ವೇರ್. ಜೆರೋಧಾದ ಕೈಲಾಶ್ ನಾಧ್ ಬರೆದದ್ದು. ಅದು ಎಜಿಪಿಎಲ್ 3.

ಮೂರು, ಮಿಶ್ರ. ಆ್ಯಕ್ಟಿವ್‌ಪೀಸಸ್ ಅನ್ನೋ ಟೂಲ್‌ನ ಸಮುದಾಯ ಆವೃತ್ತಿ ಎಂಐಟಿ, ಆದ್ರೆ ಎಂಟರ್‌ಪ್ರೈಸ್ ಫೋಲ್ಡರ್‌ಗೆ ಬೇರೆ ವಾಣಿಜ್ಯ ಲೈಸೆನ್ಸ್. ಎನ್‌ಏಟ್‌ಎನ್‌ನಲ್ಲೂ ಹೆಸರಿನಲ್ಲಿ 'ಇಇ' ಅಂತ ಇರೋ ಫೈಲ್‌ಗಳಿಗೆ ಬೇರೆಯೇ ಲೈಸೆನ್ಸ್. ಮೊದಲ ಪುಟ ಮಾತ್ರ ಓದಿ ಬಿಟ್ರೆ ಸಾಲೋದಿಲ್ಲ.

ನಾಲ್ಕು, ಫೇರ್-ಕೋಡ್. ಬಾವಿ ಕಥೆ.

ಇದಲ್ಲದೆ ಜೋಡಿಸೋ ಆ್ಯಪ್‌ಗಳ ಶರತ್ತು ಬೇರೆ ಇದೆ. ಕ್ಯೂಆರ್ ಸ್ಕ್ಯಾನ್ ಮಾಡಿ ಅನಧಿಕೃತವಾಗಿ ವಾಟ್ಸಾಪ್ ಓಡಿಸೋ ಲೈಬ್ರರಿ ಎಂಐಟಿ ಲೈಸೆನ್ಸ್‌ನಲ್ಲೇ ಇರಬಹುದು, ಆದ್ರೆ ವಾಟ್ಸಾಪ್‌ನ ಶರತ್ತಿಗೆ ಅದು ವಿರುದ್ಧ. ನಂಬರ್ ಬ್ಲಾಕ್ ಆದ್ರೆ ಹೋಗೋದು ಗಿರಾಕಿಯ ನಂಬರ್.

ಫ್ರೀಲಾನ್ಸ್ ಮಾಡೋರಿಗೂ ಒಂದು ಮಾತು. ಕೆಲಸಕ್ಕಿದ್ದಾಗ ಬರೆದ ಕೋಡ್, ಬೇರೆ ಒಪ್ಪಂದ ಇಲ್ಲದಿದ್ರೆ, ಕಂಪನಿಯದ್ದು. ಫ್ರೀಲಾನ್ಸ್ ಆಗಿ ಬರೆದದ್ದು, ನೀವು ಬರೆದುಕೊಡೋ ತನಕ ಸಾಮಾನ್ಯವಾಗಿ ನಿಮ್ಮದೇ. ಹಕ್ಕು ಬರೆದುಕೊಡುವಾಗ ಎಷ್ಟು ವರ್ಷ ಅಂತ ಹಾಕದಿದ್ರೆ ನಮ್ಮ ಕಾಯ್ದೆ ಅದನ್ನ 5 ವರ್ಷ ಅಂತ ತಿಳೀತದೆ, ಎಲ್ಲಿಗೆ ಅಂತ ಹಾಕದಿದ್ರೆ ಭಾರತಕ್ಕೆ ಮಾತ್ರ. ಭಟ್ಕಳದಲ್ಲಿ ಕೂತು ಗಲ್ಫ್‌ನ ಅಂಗಡಿಗೆ ಕೋಡ್ ಬರೆದುಕೊಡೋ ಹುಡುಗರು ಎಷ್ಟೋ ಮಂದಿ ಇದ್ದೀರಿ. ಈ ಎರಡು ಸಾಲನ್ನ ಎಗ್ರಿಮೆಂಟ್‌ನಲ್ಲಿ ಹುಡುಕಿ ನೋಡಿ.

ಈಗ ನಮ್ಮ ಕಥೆ ಎಲ್ಲಿಗೆ ಬಂತು ಅಂತ ಹೇಳ್ತೇನೆ. ನಮ್ಮ ಮುಂದೆ ಮೂರು ದಾರಿ ಇತ್ತು. ವಾಣಿಜ್ಯ ಲೈಸೆನ್ಸ್ ತಗೊಳ್ಳೋದು, 9,900ರ ವ್ಯವಹಾರಕ್ಕೆ ಅದು ನಮ್ಮ ಕೈಗೆಟುಕೋ ದಾರಿ ಅಲ್ಲ ಅಂತ ನಾವೇ ಬಿಟ್ವಿ. ಪ್ರತಿ ಮಾಲೀಕರಿಗೂ ಅವರದೇ ಸರ್ವರ್ ಹಾಕಿಕೊಟ್ಟು ಜೋಡಣೆಯ ಫೀಸ್ ಮಾತ್ರ ತಗೊಳ್ಳೋದು, ಇದು ಮೂರು ಮನೆಗೆ ಒಪ್ಪಿತು. ಉಳಿದವರಿಗೆ ನೋಡ್-ರೆಡ್ ಮೇಲೆ ಮೊದಲಿಂದ ಕಟ್ಟೋದು. ಅದಕ್ಕೆ ಹತ್ತು ವಾರ ಹಿಡೀತು. ಆ ಹತ್ತು ವಾರ ಯಾರಿಂದಲೂ ದುಡ್ಡು ತಗೊಳ್ಳಲಿಲ್ಲ.

ಹನ್ನೊಂದು ಮನೆಗೂ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದ್ವಿ. ಹೊನ್ನಾವರದ ಅಕ್ಕ ಚಾ ಕೊಟ್ಟು, 'ನಮ್ಗೆಂತ ಗೊತ್ತಾಗ್ತದೆ ತಮಾ, ನಮ್ ಬುಕಿಂಗ್ ನಿಲ್ಬಾರ್ದು ಅಷ್ಟೇ' ಅಂದ್ರು. ಇಬ್ಬರು ಬಿಟ್ಟುಹೋದ್ರು. ಪ್ರವಾಸ ಸಂಸ್ಥೆಗೆ ಮೂರು ತಿಂಗಳು ಟೈಮ್ ಕೊಡಿ ಅಂತ ಕೇಳಿದ್ವಿ. ಸೀಸನ್ ಹತ್ರ ಬಂದಿತ್ತು, ಅವರು ಬೇರೆಯವರನ್ನ ನೋಡ್ಕೊಂಡ್ರು.

ಗೆಳೆಯನಿಗೆ ನನ್ನ ಮೇಲೆ ಸಿಟ್ಟು ಇತ್ತು. ಆ ಕೆಲಸ ಸಿಕ್ಕಿದ್ರೆ ಊರಲ್ಲೇ ಇರ್ತೇನೆ ಅಂತ ಅವನು ಮನೆಯಲ್ಲಿ ಹೇಳಿಬಿಟ್ಟಿದ್ದ. ನೋಡ್-ರೆಡ್ ಕೆಲಸ ಪೂರ್ತಿ ಮುಗಿಸಿಕೊಟ್ಟು, ಮರುತಿಂಗಳು ದುಬೈಗೆ ಹೋದ. ಹೋಗೋ ದಿನ ಸ್ಟೇಷನ್ನಿಗೆ ಬಿಡೋಕೆ ಹೋಗಿದ್ದೆ. 'ಸಹಿ ಹಾಕಿದ್ರೆ ಏನೂ ಆಗ್ತಿರ್ಲಿಲ್ಲ' ಅಂದ. ಇರಬಹುದು ಅಂದೆ. ಈಗ್ಲೂ ನನ್ನ ಉತ್ತರ ಅಷ್ಟೇ. ಆದ್ರೆ ಒಂದೂವರೆ ವರ್ಷದ ಹಿಂದೆ ಆ ಹತ್ತು ನಿಮಿಷ ನಾನು ಓದಿದ್ದಿದ್ರೆ, ನಾವು ಮೊದಲ ದಿನವೇ ಬೇರೆ ಟೂಲ್ ತಗೊಳ್ತಿದ್ವಿ, ಅವನು ಬಹುಶಃ ಇಲ್ಲೇ ಇರ್ತಿದ್ದ. ಸಹಿ ಹಾಕದ್ದಕ್ಕೆ ನನಗೆ ಬೇಸರ ಇಲ್ಲ. ಓದದೇ ಇದ್ದದ್ದಕ್ಕೆ ಇದೆ.

ಒಂಬತ್ತು ಮನೆ ಈಗಲೂ ನಮ್ಮ ಜೊತೆ ಇವೆ. ಸರ್ವರ್ ಕೈಕೊಟ್ರೆ ಅವನೇ ರಾತ್ರಿ ಅಲ್ಲಿಂದ ಸರಿ ಮಾಡ್ತಾನೆ. ಬಂದ ದುಡ್ಡು ಈಗಲೂ ಅರ್ಧ ಅರ್ಧ.

ನೀವು ಏನಾದ್ರೂ ಕಟ್ಟಿ ಮಾರೋ ಯೋಚನೆಯಲ್ಲಿದ್ರೆ ಇವತ್ತು ರಾತ್ರಿ ಒಂದು ಶೀಟ್ ತೆರೆಯಿರಿ. ನಾಲ್ಕು ಕಾಲಂ ಸಾಕು: ಟೂಲ್ ಹೆಸರು, ವರ್ಷನ್, ಲೈಸೆನ್ಸ್, ಲೈಸೆನ್ಸ್ ಓದಿದ ತಾರೀಖು. ಆಮೇಲೆ ಮೂರು ಪ್ರಶ್ನೆ ಕೇಳ್ಕೊಳ್ಳಿ. ಇದನ್ನ ಬಳಸ್ತಿರೋದು ನಾನಾ, ನನ್ನ ಗಿರಾಕಿಯಾ? ಒಳಗಿರೋ ಲಾಗಿನ್ ಯಾರದ್ದು? ಈ ಟೂಲ್ ತೆಗೆದ್ರೆ ನನ್ನ ಪ್ರಾಡಕ್ಟ್‌ನಲ್ಲಿ ಏನು ಉಳೀತದೆ? ಉತ್ತರದಲ್ಲಿ ಅನುಮಾನ ಬಂದ್ರೆ ಆ ಕಂಪನಿಗೇ ಮೇಲ್ ಹಾಕಿ ಕೇಳಿ, ಉತ್ತರವನ್ನ ಜೋಪಾನವಾಗಿ ಇಟ್ಕೊಳ್ಳಿ. ದೊಡ್ಡ ಎಗ್ರಿಮೆಂಟ್ ಆದ್ರೆ ವಕೀಲರಿಗೆ ತೋರಿಸಿ. ನಾನು ವಕೀಲ ಅಲ್ಲ, ಪೆಟ್ಟು ತಿಂದವನು ಅಷ್ಟೇ.

ಇವತ್ತಿಗೆ ಇಷ್ಟು. ನಿಮ್ಮ ಜೊತೆ ಕೋಡ್ ಬರೆಯೋ ಒಬ್ಬ ಗೆಳೆಯನಿಗೆ ಇದನ್ನ ಕಳಿಸಿ. ಮುಂದಿನ ವಾರ ಸಿಗೋಣ. ನಮಸ್ಕಾರ.